ಕಾರ್ಬೊರೇಟರಿಗೆ ಕೈ ಹಾಕುವ ಮುನ್ನ: ಹಳೆಯ ಟೂ ಸ್ಟ್ರೋಕ್ ಗಾಡಿಗಳ ಬಗ್ಗೆ ಓದುಗರ ಪ್ರಶ್ನೆಗಳು

ಕೋಲಾರ, ಚಿಕ್ಕಬಳ್ಳಾಪುರ ಮತ್ತು ತುಮಕೂರು ಜಿಲ್ಲೆಗಳಿಂದ ಈ ಬಾರಿ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಜಾವಾ, ಯೆಜ್ಡಿ ಮತ್ತು ಆರ್‌ಎಕ್ಸ್ 100 ಮೋಟಾರ್ ಸೈಕಲ್ಲುಗಳಿಗೆ ಸಂಬಂಧಿಸಿದವು. ಒಂದೇ ಬಗೆಯ ತೊಂದರೆಯನ್ನು ಹಲವರು ಬರೆದಿರುವುದರಿಂದ ಅಂಥ ಪತ್ರಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ತಂದೆಯವರು 1970ರ ದಶಕದಲ್ಲಿ ಕೊಂಡ ಯೆಜ್ಡಿ 250 ಗಾಡಿ ಮಾವಿನ ತೋಟದ ಶೆಡ್ಡಿನಲ್ಲಿ ಬಹಳ ವರ್ಷ ನಿಂತಿತ್ತು. ಕಳೆದ ವರ್ಷ ಬೋರ್ ಮಾಡಿಸಿ (ಸವೆದ ಸಿಲಿಂಡರಿನ ಒಳಗೋಡೆಯನ್ನು ಕೊರೆಸಿ ಅಗಲ ಮಾಡಿಸಿ) ಹೊಸ ಪಿಸ್ಟನ್ ಹಾಕಿಸಿದೆ. ತಣ್ಣಗಿರುವಾಗ ಚೆನ್ನಾಗಿ ಓಡುತ್ತದೆ. ಬಿಸಿಯಾದ ಮೇಲೆ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ವೇಗ ಇಳಿಯುವುದಿಲ್ಲ. ಕೋಲಾರಕ್ಕೆ ಹೋಗುವಾಗ ಎರಡು ಸಲ ಪಿಸ್ಟನ್ ಹಿಡಿದುಕೊಂಡಿತು. ಕಾರ್ಬೊರೇಟರನ್ನೂ ಬದಲಾಯಿಸಿದ್ದಾಯಿತು. ಏನು ಮಾಡಲಿ?
(ಶ್ರೀನಿವಾಸಪುರದ ಓದುಗರು)

ಉತ್ತರ: ನೀವು ಬರೆದಿರುವ ಲಕ್ಷಣಗಳು ಪೆಟ್ರೋಲಿಗೆ ಗಾಳಿ ಬೆರೆಸಿಕೊಡುವ ಕಾರ್ಬೊರೇಟರಿನವಲ್ಲ, ಗಾಳಿ ಸೋರಿಕೆಯವು. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಕೇಸಿನ ಕೆಲಸ ಕ್ರ್ಯಾಂಕನ್ನು (ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆಯಾಗಿ ಬದಲಿಸುವ ದಂಡವನ್ನು) ಹಿಡಿದುಕೊಂಡು ಆಯಿಲ್ ಇಟ್ಟುಕೊಳ್ಳುವುದು. ಟೂ ಸ್ಟ್ರೋಕಿನಲ್ಲಿ ಅದೇ ಕ್ರ್ಯಾಂಕ್ ಕೇಸ್ ಪಂಪು. ಪಿಸ್ಟನ್ ಮೇಲೇರುವಾಗ ಅದರ ಕೆಳಗೆ ನಿರ್ವಾತ ಉಂಟಾಗಿ ಕಾರ್ಬೊರೇಟರಿನಿಂದ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಒಳಗೆ ಬರುತ್ತದೆ. ಪಿಸ್ಟನ್ ಇಳಿಯುವಾಗ ಆ ಮಿಶ್ರಣ ಒತ್ತಡಕ್ಕೆ ಸಿಕ್ಕಿ ಟ್ರಾನ್ಸ್‌ಫರ್ ಪೋರ್ಟುಗಳೆಂಬ ಸಿಲಿಂಡರ್ ಗೋಡೆಯ ಕಿಂಡಿಗಳ ಮೂಲಕ ಪಿಸ್ಟನ್ನಿನ ಮೇಲ್ಭಾಗಕ್ಕೆ ಹೋಗುತ್ತದೆ. ಕ್ರ್ಯಾಂಕಿನ ಎರಡು ತುದಿಗಳಲ್ಲಿರುವ ಆಯಿಲ್ ಸೀಲುಗಳು ಈ ಎಳೆತ ಮತ್ತು ಒತ್ತಡ ಎರಡನ್ನೂ ತಡೆದು ನಿಲ್ಲಬೇಕು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಈ ಸೀಲುಗಳ ರಬ್ಬರ್ ಒಣಗಿ ಗಟ್ಟಿಯಾಗಿರುತ್ತದೆ, ಸೀಲಿನ ತುಟಿ ಕೂರುವ ಜಾಗದಲ್ಲಿ ಕ್ರ್ಯಾಂಕಿಗೆ ತುಕ್ಕು ಹಿಡಿದು ಸಣ್ಣ ಗುಳಿಗಳು ಬಿದ್ದಿರುತ್ತವೆ. ಬೋರ್ ಮಾಡಿಸಿ ಪಿಸ್ಟನ್ ಹಾಕಿಸುವವರು ಅನೇಕ ಸಲ ಕೆಳಗಿನ ಕೇಸನ್ನು ತೆರೆಯುವುದೇ ಇಲ್ಲ. ಹೀಗಾಗಿ ಮೇಲ್ಭಾಗ ಹೊಸದು, ಕೆಳಭಾಗ ನಿಂತಲ್ಲೇ ನಿಂತ ಹಳೆಯದು ಎಂಬ ಸ್ಥಿತಿ ಬರುತ್ತದೆ.

ಡೈನಮೊ (ವಿದ್ಯುತ್ ತಯಾರಿಸುವ ಭಾಗ) ಕಡೆಯ ಸೀಲು ಸೋತಾಗ ಹೊರಗಿನ ಗಾಳಿ ನೇರವಾಗಿ ಒಳಗೆ ಸೇರುತ್ತದೆ. ಆ ಗಾಳಿ ಕಾರ್ಬೊರೇಟರಿನ ಲೆಕ್ಕಕ್ಕೆ ಸಿಗುವುದಿಲ್ಲ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ, ಪೆಟ್ರೋಲಿನಲ್ಲೇ ಬೆರೆತಿರುವ ಆಯಿಲ್ ಕೂಡ ಅಷ್ಟೇ ಕಡಿಮೆಯಾಗುತ್ತದೆ. ಸ್ಲೋ ರನ್ನಿಂಗಿನಲ್ಲಿ ಎಂಜಿನ್ ತಾನಾಗಿಯೇ ಏರುವುದೂ, ಪಿಸ್ಟನ್ ಹಿಡಿದುಕೊಳ್ಳುವುದೂ ಇದೇ ಕಾರಣದಿಂದ. ಇಂಥ ಗಾಡಿಗೆ ಎಷ್ಟೇ ಒಳ್ಳೆಯ ಕಾರ್ಬೊರೇಟರ್ ಹಾಕಿದರೂ, ಏರ್ ಸ್ಕ್ರೂವನ್ನು ಎಷ್ಟು ತಿರುಗಿಸಿದರೂ ಅದು ಒಂದು ದಿನ ಸರಿಯಿದ್ದು ಮರುದಿನ ಕೆಡುತ್ತದೆ.

ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಬಹುದು. ಎರಡೂ ಸೈಲೆನ್ಸರ್ ಪೈಪುಗಳನ್ನು ಕಳಚಿ, ಹಳೆಯ ಟ್ಯೂಬಿನ ರಬ್ಬರನ್ನು ಎರಡು ಪದರ ಕತ್ತರಿಸಿ ಒಂದು ತಗಡಿನ ಬಿಲ್ಲೆಯ ಜೊತೆ ಎಕ್ಸಾಸ್ಟ್ ಬಾಯಿಗೆ ಇಟ್ಟು, ಪೈಪಿನ ನಟ್ಟಿನಿಂದಲೇ ಬಿಗಿಯಿರಿ. ಯೆಜ್ಡಿ 250ರಲ್ಲಿ ಒಂದೇ ಸಿಲಿಂಡರಿಗೆ ಎರಡು ಎಕ್ಸಾಸ್ಟ್ ಬಾಯಿಗಳಿರುವುದರಿಂದ ಎರಡನ್ನೂ ಮುಚ್ಚಬೇಕು. ಕಾರ್ಬೊರೇಟರ್ ತೆಗೆದು ಅದರ ಜಾಗಕ್ಕೆ ಸಣ್ಣ ಕೊಳವೆಯಿರುವ ರಬ್ಬರ್ ಬಿರಡೆ ಹಾಕಿರಿ. ಆ ಕೊಳವೆಗೆ ರಕ್ತದೊತ್ತಡ ನೋಡುವ ಉಪಕರಣದ ಬಲ್ಬನ್ನೂ ಮುಳ್ಳಿನ ಮೀಟರನ್ನೂ ಜೋಡಿಸಬಹುದು. ಔಷಧಿ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಉಪಕರಣವೇ ಸಾಕು. ಪಿಸ್ಟನ್ನನ್ನು ಕೆಳಗಿನ ತುದಿಗೆ ಇಳಿಸಿ, ಸ್ಪಾರ್ಕ್ ಪ್ಲಗ್ ಬಿಗಿಯಾಗಿರುವುದನ್ನು ನೋಡಿಕೊಂಡು, ಮುಳ್ಳು 250ಕ್ಕೆ ಬರುವವರೆಗೆ ಗಾಳಿ ತುಂಬಿರಿ. ಅದು ಸುಮಾರು 5 ಪಿಎಸ್‌ಐ ಒತ್ತಡ. ಒಂದು ನಿಮಿಷದಲ್ಲಿ ಮುಳ್ಳು 50ಕ್ಕಿಂತ ಹೆಚ್ಚು ಇಳಿದರೆ ಸೋರಿಕೆ ಇದೆ ಎಂದು ತಿಳಿಯಿರಿ. ಆಗ ಸೋಪಿನ ನೀರನ್ನು ಬ್ರಷ್ಷಿನಿಂದ ಸಿಲಿಂಡರಿನ ಬುಡದ ಪ್ಯಾಕಿಂಗ್, ಕಾರ್ಬೊರೇಟರ್ ಕೂರುವ ಜೋಡಣೆ, ಕೇಸಿನ ಎರಡು ಭಾಗಗಳು ಸೇರುವ ಗೆರೆ ಮತ್ತು ಡೈನಮೊ ಮುಚ್ಚಳ ತೆಗೆದು ಅದರ ಹಿಂದಿನ ಸೀಲಿನ ಸುತ್ತ ಹಚ್ಚುತ್ತಾ ಬನ್ನಿರಿ. ಗುಳ್ಳೆ ಎದ್ದ ಕಡೆಯೇ ತಪ್ಪು. ಎಲ್ಲಿಯೂ ಗುಳ್ಳೆ ಕಾಣದೆ ಮುಳ್ಳು ಇಳಿಯುತ್ತಿದ್ದರೆ ಗಾಳಿ ಕ್ಲಚ್ ಕಡೆಯ ಸೀಲಿನ ಮೂಲಕ ಗೇರ್ ಆಯಿಲ್ ಇರುವ ಭಾಗಕ್ಕೆ ಹೋಗುತ್ತಿದೆ. ಆಯಿಲ್ ಹಾಕುವ ಬಿರಡೆ ತೆಗೆದು ಅಲ್ಲಿ ಕಿವಿಯಿಟ್ಟರೆ ಸಣ್ಣಗೆ ಸುಯ್ ಎನ್ನುವುದು ಕೇಳಿಸುತ್ತದೆ.

ಹೊಸ ಸೀಲನ್ನು ಕೊಳ್ಳುವಾಗ ಹಳೆಯದರ ಮೇಲೆ ಅಚ್ಚಾಗಿರುವ ಒಳ ಅಳತೆ, ಹೊರ ಅಳತೆ ಮತ್ತು ದಪ್ಪವನ್ನು ನೋಡಿ ಕೊಳ್ಳಿರಿ. ಸಿಕ್ಕರೆ ವೈಟಾನ್ ರಬ್ಬರಿನದನ್ನೇ ಆರಿಸಿರಿ, ಈಗಿನ ಪೆಟ್ರೋಲಿಗೆ ಅದು ಹೆಚ್ಚು ತಡೆಯುತ್ತದೆ. ಸ್ಪ್ರಿಂಗ್ ಕಾಣುವ ಮುಖ ಕ್ರ್ಯಾಂಕ್ ಕೇಸಿನ ಒಳಕ್ಕೆ ಇರಬೇಕು, ತುಟಿಗೆ ಗ್ರೀಸ್ ಸವರಿಯೇ ಕೂರಿಸಬೇಕು. ಕ್ರ್ಯಾಂಕಿನ ತುಕ್ಕಿನ ಗುಳಿಗಳು ಬೆರಳಿಗೆ ತಾಗುವಷ್ಟಿದ್ದರೆ ಹೊಸ ಸೀಲು ಕೂಡ ಬಾಳುವುದಿಲ್ಲ. ಆಗ ಕ್ರ್ಯಾಂಕನ್ನು ಹೊರತೆಗೆದು ಆ ಭಾಗವನ್ನು ಗ್ರೈಂಡ್ ಮಾಡಿಸಲೇಬೇಕು. ಹೇಗೂ ಕೇಸ್ ತೆರೆದಿರುತ್ತದೆಯಾದ್ದರಿಂದ ಮೇನ್ ಬೇರಿಂಗುಗಳನ್ನೂ ಅದೇ ಸಮಯದಲ್ಲಿ ಬದಲಾಯಿಸಿಬಿಡಿರಿ. ಸಡಿಲಾದ ಬೇರಿಂಗಿನ ಮೇಲೆ ಕ್ರ್ಯಾಂಕ್ ಅಲುಗಾಡುತ್ತಿದ್ದರೆ ಯಾವ ಸೀಲೂ ನಿಲ್ಲುವುದಿಲ್ಲ. ಇಷ್ಟೆಲ್ಲ ಆಗಿ ಗಾಳಿಯ ಪರೀಕ್ಷೆಯಲ್ಲಿ ಎಂಜಿನ್ ತೇರ್ಗಡೆಯಾದ ಮೇಲೆ ಪಾಯಿಂಟ್ (ಪ್ಲಗ್ಗಿನ ಕಿಡಿಯನ್ನು ಹಾರಿಸುವ ಸ್ವಿಚ್ಚು) ಮತ್ತು ಟೈಮಿಂಗ್ (ಕಿಡಿ ಹಾರುವ ಕ್ಷಣ), ಅದೂ ಸರಿಯಾದ ಮೇಲೆ ಕಾರ್ಬೊರೇಟರ್. ಈ ಕ್ರಮವನ್ನು ತಲೆಕೆಳಗು ಮಾಡಬೇಡಿರಿ.

ಪ್ರಶ್ನೆ: ನನ್ನ ಬಳಿ ಜಾವಾ ಇದೆ. ಒಂದು ಲೀಟರ್ ಪೆಟ್ರೋಲಿಗೆ ಎಷ್ಟು ಆಯಿಲ್ ಹಾಕಬೇಕೆಂದು ಒಬ್ಬೊಬ್ಬ ಮೆಕ್ಯಾನಿಕ್ ಒಂದೊಂದು ಹೇಳುತ್ತಾರೆ. ಎಥನಾಲ್ ಬೆರೆತ ಪೆಟ್ರೋಲಿನಿಂದ ಎಂಜಿನ್ ಹಾಳಾಗುತ್ತದೆಯೇ? ನಂದಿ ಬೆಟ್ಟದಿಂದ ಇಳಿಯುವಾಗ ಎಂಜಿನ್ನಿನಿಂದ ಕಟಕಟ ಶಬ್ದ ಬರುತ್ತದೆ, ಅದಕ್ಕೂ ಆಯಿಲಿಗೂ ಸಂಬಂಧವಿದೆಯೇ?
(ಚಿಕ್ಕಬಳ್ಳಾಪುರದ ಓದುಗರು)

ಉತ್ತರ: ಅಳತೆಯ ಲೆಕ್ಕ ಸರಳ. ಲೀಟರಿಗೆ 40 ಮಿ.ಲೀ. ಹಾಕಿದರೆ 25ಕ್ಕೆ 1, 30 ಮಿ.ಲೀ. ಹಾಕಿದರೆ ಸುಮಾರು 33ಕ್ಕೆ 1, 25 ಮಿ.ಲೀ. ಹಾಕಿದರೆ 40ಕ್ಕೆ 1. ಹೊಸದಾಗಿ ಬೋರ್ ಆದ ಎಂಜಿನ್ನಿಗೆ ಮೊದಲ ಕೆಲವು ಟ್ಯಾಂಕುಗಳವರೆಗೆ 40 ಮಿ.ಲೀ., ಆಮೇಲೆ 30 ಮಿ.ಲೀ. ಎಂಬುದು ಜಾವಾ ಮತ್ತು ಯೆಜ್ಡಿಗಳಿಗೆ ನಾನು ಒಪ್ಪುವ ಅಳತೆ. ಡಬ್ಬಿಯ ಮೇಲೆ ಗುಣಮಟ್ಟದ ಗುರುತಾದ ಜಾಸೋ ಎಫ್‌ಸಿ ಅಥವಾ ಎಫ್‌ಡಿ ಎಂದು ಬರೆದಿರುವ 2ಟಿ (ಟೂ ಸ್ಟ್ರೋಕ್) ಆಯಿಲ್ ಕೊಳ್ಳಿರಿ. ಫೋರ್ ಸ್ಟ್ರೋಕ್ ಎಂಜಿನ್ ಆಯಿಲನ್ನು ಪೆಟ್ರೋಲಿಗೆ ಬೆರೆಸುವ ಅಭ್ಯಾಸ ಕೆಲವು ಕಡೆ ಇನ್ನೂ ಇದೆ. ಅದು ಪೂರ್ತಿ ಉರಿಯದೆ ಎಕ್ಸಾಸ್ಟ್ ಪೋರ್ಟಿನಲ್ಲಿ ಕರಿಯಾಗಿ ಕೂರುತ್ತದೆ. ಆಯಿಲ್ ಹೆಚ್ಚು ಹಾಕಿದಷ್ಟೂ ಒಳ್ಳೆಯದೆಂಬ ನಂಬಿಕೆಯೂ ಸರಿಯಲ್ಲ. ಕಾರ್ಬೊರೇಟರಿನ ಜೆಟ್ಟಿನ ರಂಧ್ರದಿಂದ ಹೋಗುವುದು ಪೆಟ್ರೋಲ್ ಮತ್ತು ಆಯಿಲ್ ಸೇರಿದ ದ್ರವ. ಅದರಲ್ಲಿ ಆಯಿಲ್ ಹೆಚ್ಚಾದರೆ ಪೆಟ್ರೋಲಿನ ಪಾಲು ಅಷ್ಟು ಕಡಿಮೆಯಾಗಿ ಮಿಶ್ರಣ ಬಡವಾಗುತ್ತದೆ, ಎಂಜಿನ್ ಹೆಚ್ಚು ಬಿಸಿಯಾಗುತ್ತದೆ. ಆದ್ದರಿಂದ ಆಯಿಲಿನ ಅಳತೆಯನ್ನು ಒಮ್ಮೆ ನಿಶ್ಚಯಿಸಿ, ಅದೇ ಅಳತೆಯಲ್ಲಿ ಜೆಟ್ ಹೊಂದಿಸಿ, ಮತ್ತೆ ಬದಲಾಯಿಸದೆ ನಡೆಸಿಕೊಂಡು ಹೋಗಬೇಕು.

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಅದರಿಂದ ಮೂರು ತೊಂದರೆಗಳಿವೆ. ಎಥನಾಲಿನೊಳಗೇ ಆಮ್ಲಜನಕ ಇರುವುದರಿಂದ ಅದೇ ಜೆಟ್ಟಿನಲ್ಲಿ ಮಿಶ್ರಣ ಬಡವಾಗುತ್ತದೆ: ಶುದ್ಧ ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ ಈ ಮಿಶ್ರಣಕ್ಕೆ ಸುಮಾರು 13.5 ಪಾಲು ಸಾಕು, ಉಳಿದ ಗಾಳಿ ಹೆಚ್ಚಾಗುತ್ತದೆ. ಅದು ಹವೆಯ ತೇವವನ್ನು ಹೀರಿಕೊಳ್ಳುತ್ತದೆ; ತೇವ ಮಿತಿ ಮೀರಿದರೆ ನೀರು ಮತ್ತು ಎಥನಾಲ್ ಬೇರೆಯಾಗಿ ಟ್ಯಾಂಕಿನ ತಳದಲ್ಲಿ ಕೂತು ತುಕ್ಕು ಹಿಡಿಸುತ್ತವೆ. ಹಳೆಯ ರಬ್ಬರ್ ಪೈಪ್, ಪೆಟ್ರೋಲ್ ಕಾಕಿನ ವಾಷರ್ ಮತ್ತು ಫ್ಲೋಟ್ ಚೇಂಬರಿನ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಿನ) ಪ್ಯಾಕಿಂಗ್ ಉಬ್ಬಿ ಮೆತ್ತಗಾಗುತ್ತವೆ. ಗಾಡಿಯನ್ನು ಎರಡು ಮೂರು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಿದ್ದರೆ ಕಾಕ್ ಮುಚ್ಚಿ, ಫ್ಲೋಟ್ ಚೇಂಬರಿನಲ್ಲಿರುವುದು ಮುಗಿಯುವವರೆಗೆ ಎಂಜಿನ್ ಓಡಿಸಿ ಆರಿಸಿರಿ. ಜೆಟ್ ದೊಡ್ಡದು ಮಾಡುವ ಮುನ್ನ ಒಂದು ಸಂಗತಿ ಗಮನದಲ್ಲಿರಲಿ. ನಮ್ಮ ಸೀಮೆ ಸಮುದ್ರಮಟ್ಟದಿಂದ 800 ಮೀಟರಿಗಿಂತ ಎತ್ತರದಲ್ಲಿದೆ, ಇಲ್ಲಿನ ಗಾಳಿ ಸಮುದ್ರತೀರದ ಗಾಳಿಗಿಂತ ಸುಮಾರು ಶೇ. 8ರಷ್ಟು ತೆಳುವಾಗಿದೆ. ಹೀಗಾಗಿ ಇಲ್ಲಿ ಕಾರ್ಬೊರೇಟರ್ ತಾನಾಗಿಯೇ ಸ್ವಲ್ಪ ಹೆಚ್ಚು ಪೆಟ್ರೋಲ್ ಕೊಡುತ್ತಿರುತ್ತದೆ, ಎಥನಾಲಿನಿಂದಾಗುವ ಕೊರತೆಯನ್ನು ಅದು ಒಂದಿಷ್ಟು ತುಂಬುತ್ತದೆ. ಒಂದು ಹೆಜ್ಜೆ ದೊಡ್ಡ ಮೇನ್ ಜೆಟ್ ಹಾಕಿ, ಪ್ಲಗ್ಗಿನ ಬಣ್ಣ ನೋಡಿಯೇ ಮುಂದಿನ ಹೆಜ್ಜೆ ಇಡಿರಿ.

ನಂದಿ ಬೆಟ್ಟದ ವಿಷಯದಲ್ಲಿ ನಿಮ್ಮ ಅನುಮಾನ ಸರಿಯಾಗಿದೆ. 1,478 ಮೀಟರ್ ಎತ್ತರದಿಂದ ತಿರುವುಗಳ ದಾರಿಯಲ್ಲಿ ಇಳಿಯುವಾಗ ಆಕ್ಸಿಲರೇಟರ್ ಮುಚ್ಚಿ ಗೇರಿನಲ್ಲೇ ಬಿಟ್ಟರೆ ಚಕ್ರಗಳು ಎಂಜಿನ್ನನ್ನು ವೇಗವಾಗಿ ತಿರುಗಿಸುತ್ತಲೇ ಇರುತ್ತವೆ, ಆದರೆ ಪೆಟ್ರೋಲ್ ಹೋಗದಿರುವುದರಿಂದ ಆಯಿಲೂ ಹೋಗುವುದಿಲ್ಲ. ಫೋರ್ ಸ್ಟ್ರೋಕಿನಲ್ಲಿ ಒಳ್ಳೆಯದಾದ ಎಂಜಿನ್ ಬ್ರೇಕಿಂಗ್ ಜಾವಾದಲ್ಲಿ ಪಿಸ್ಟನ್ನನ್ನು ಒಣಗಿಸುತ್ತದೆ. ಇಳಿಯುವಾಗ ಪ್ರತಿ ತಿರುವಿಗೊಮ್ಮೆ ಕ್ಲಚ್ ಹಿಡಿದು ಆಕ್ಸಿಲರೇಟರನ್ನು ಒಂದೆರಡು ಸಲ ಸ್ವಲ್ಪ ತಿರುಗಿಸಿ ಬಿಡಿರಿ. ಇಡೀ ದಾರಿ ಕ್ಲಚ್ ಹಿಡಿದುಕೊಂಡೇ ಇಳಿದರೆ ಡ್ರಮ್ ಬ್ರೇಕುಗಳು ಬಿಸಿಯಾಗಿ ಹಿಡಿತ ತಪ್ಪುತ್ತವೆ, ಅದು ಇನ್ನೂ ಅಪಾಯ. ಹೀಗೆ ಮಾಡಿದ ಮೇಲೂ ಶಬ್ದ ಬಂದರೆ ಪಿಸ್ಟನ್ ಪಿನ್ ಮತ್ತು ಕನೆಕ್ಟಿಂಗ್ ರಾಡಿನ ಮೇಲ್ತುದಿಯ ಸವೆತವನ್ನು ಪರೀಕ್ಷೆ ಮಾಡಿಸಿರಿ.

ಪ್ರಶ್ನೆ: ಪ್ಲಗ್ ಪದೇ ಪದೇ ಕಪ್ಪಾಗಿ ಒದ್ದೆಯಾಗುತ್ತದೆ. ಬಿಳಿ ಹೊಗೆ ಬಹಳ. ಹೆಚ್ಚು ಬಿಸಿಯ ಪ್ಲಗ್ ಹಾಕಲೇ?
(ಶಿರಾದ ಓದುಗರು)

ಉತ್ತರ: ಮೊದಲು ಗೇರ್ ಬಾಕ್ಸಿನ ಆಯಿಲ್ ಮಟ್ಟ ನೋಡಿರಿ. ಹೊರಗೆ ಎಲ್ಲಿಯೂ ಸೋರದೆ ಆಯಿಲ್ ಕಡಿಮೆಯಾಗುತ್ತಿದ್ದರೆ ಕ್ಲಚ್ ಕಡೆಯ ಕ್ರ್ಯಾಂಕ್ ಸೀಲು ಹೋಗಿದೆ, ಎಂಜಿನ್ ಗೇರ್ ಆಯಿಲನ್ನು ಎಳೆದು ಸುಡುತ್ತಿದೆ. ಆ ಹೊಗೆಯ ವಾಸನೆಯೂ 2ಟಿ ಆಯಿಲಿನದಕ್ಕಿಂತ ಬೇರೆ ಇರುತ್ತದೆ. ಮಟ್ಟ ಸರಿಯಿದ್ದರೆ ಪಾಯಿಂಟಿನ ಅಂತರವನ್ನು 0.4 ಮಿ.ಮೀ.ಗೆ ಹೊಂದಿಸಿ ಕಂಡೆನ್ಸರ್ ಬದಲಾಯಿಸಿರಿ. ಪ್ಲಗ್ ಬದಲಾಯಿಸುವುದು ಕೊನೆಯ ಮಾತು. ಬದಲಾಯಿಸುವಾಗ ಒಂದು ಎಚ್ಚರಿಕೆ: ಎನ್‌ಜಿಕೆ ಪ್ಲಗ್ಗುಗಳಲ್ಲಿ ಸಂಖ್ಯೆ ಹೆಚ್ಚಾದಷ್ಟೂ ಪ್ಲಗ್ ತಂಪು (ಅಂದರೆ ಶಾಖವನ್ನು ಬೇಗ ಬಿಟ್ಟುಕೊಡುವಂಥದ್ದು), ಬಾಷ್ ಪ್ಲಗ್ಗುಗಳಲ್ಲಿ ಸಂಖ್ಯೆ ಕಡಿಮೆಯಾದಷ್ಟೂ ತಂಪು. ಒಂದರ ಸಂಖ್ಯೆಯನ್ನು ಇನ್ನೊಂದರಲ್ಲಿ ಕೇಳಿ ತಂದು ಪಿಸ್ಟನ್ನಿಗೆ ತೂತು ಮಾಡಿಕೊಳ್ಳಬೇಡಿರಿ.

ಪ್ರಶ್ನೆ: ನಾನು ತುಮಕೂರಿನಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ಚಿಕ್ಕಪ್ಪನವರು ತಮ್ಮ ಆರ್‌ಎಕ್ಸ್ 100 ಗಾಡಿಯನ್ನು ನನಗೆ ಕೊಟ್ಟಿದ್ದಾರೆ. ಸೈಲೆನ್ಸರಿನ ಒಳಗಿನದನ್ನು ತೆಗೆಸಿ, ಪೋರ್ಟುಗಳನ್ನು ಉಜ್ಜಿಸಿ, ದೊಡ್ಡ ಕಾರ್ಬೊರೇಟರ್ ಹಾಕಿಸಿದರೆ ಪಿಕಪ್ ಹೆಚ್ಚಾಗುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ನಿಜವೇ?
(ತುಮಕೂರಿನ ಓದುಗರು)

ಉತ್ತರ: ಶಬ್ದ ಹೆಚ್ಚಾಗುತ್ತದೆ, ಪಿಕಪ್ ಕಡಿಮೆಯಾಗುತ್ತದೆ. ನೀವು ತಾಂತ್ರಿಕ ಶಿಕ್ಷಣ ಪಡೆಯುತ್ತಿರುವುದರಿಂದ ಕಾರಣವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಿಮ್ಮ ಗಾಡಿಯ ಎಂಜಿನ್ 98 ಸಿಸಿ. ಅದು 7,500 ಸುತ್ತುಗಳಲ್ಲಿ 11 ಅಶ್ವಶಕ್ತಿ ಕೊಡುವಂತೆ ರೂಪುಗೊಂಡದ್ದು. ಅದರ ಎಕ್ಸಾಸ್ಟಿಗೆ ವಾಲ್ವ್ ಇಲ್ಲ. ಪಿಸ್ಟನ್ ಇಳಿದು ಎಕ್ಸಾಸ್ಟ್ ಪೋರ್ಟ್ ತೆರೆದ ಕೂಡಲೇ ಸುಟ್ಟ ಅನಿಲ ಹೊರಕ್ಕೆ ನುಗ್ಗುತ್ತದೆ, ಆಮೇಲೆ ಟ್ರಾನ್ಸ್‌ಫರ್ ಪೋರ್ಟುಗಳಿಂದ ಹೊಸ ಮಿಶ್ರಣ ಬರುತ್ತದೆ, ಮತ್ತು ಪಿಸ್ಟನ್ ಮತ್ತೆ ಮೇಲೇರಿ ಪೋರ್ಟ್ ಮುಚ್ಚುವವರೆಗೆ ಆ ಹೊಸ ಮಿಶ್ರಣಕ್ಕೂ ಹೊರಗೆ ಹೋಗಲು ದಾರಿ ತೆರೆದೇ ಇರುತ್ತದೆ. ಅದನ್ನು ತಡೆಯುವುದು ಸೈಲೆನ್ಸರಿನ ಆಕಾರ. ಪೋರ್ಟ್ ತೆರೆದಾಗ ಹುಟ್ಟುವ ಒತ್ತಡದ ಅಲೆ ಪೈಪಿನಲ್ಲಿ ಓಡುತ್ತದೆ. ಪೈಪ್ ಅಗಲವಾಗುತ್ತಾ ಹೋಗುವ ಭಾಗದಿಂದ ಎಳೆಯುವ ಅಲೆ ಹಿಂದಕ್ಕೆ ಬಂದು ಸಿಲಿಂಡರನ್ನು ಖಾಲಿ ಮಾಡಲು ನೆರವಾಗುತ್ತದೆ. ಪೈಪ್ ಕಿರಿದಾಗುವ ಭಾಗದಿಂದ ತಳ್ಳುವ ಅಲೆ ಹಿಂದಿರುಗಿ, ತಪ್ಪಿಸಿಕೊಂಡು ಹೋಗುತ್ತಿರುವ ಹೊಸ ಮಿಶ್ರಣವನ್ನು ಪೋರ್ಟ್ ಮುಚ್ಚುವ ಕ್ಷಣಕ್ಕೆ ಸರಿಯಾಗಿ ಸಿಲಿಂಡರಿನೊಳಕ್ಕೆ ನೂಕುತ್ತದೆ. ಲೆಕ್ಕ ಹಾಕಿ ನೋಡಿರಿ. 7,500 ಸುತ್ತುಗಳಲ್ಲಿ ಒಂದು ಸುತ್ತಿಗೆ ಹಿಡಿಯುವ ಕಾಲ 8 ಮಿಲಿಸೆಕೆಂಡು. ಎಕ್ಸಾಸ್ಟ್ ಪೋರ್ಟ್ ಸುಮಾರು ಅರ್ಧ ಸುತ್ತು ತೆರೆದಿರುತ್ತದೆ ಎಂದುಕೊಂಡರೆ ಅಲೆಗೆ ಸಿಗುವುದು 4 ಮಿಲಿಸೆಕೆಂಡು. ಬಿಸಿ ಅನಿಲದಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 500 ಮೀಟರ್. ಹಾಗಾದರೆ ಹೋಗಿ ಬರುವ ದಾರಿ 2 ಮೀಟರ್, ಒಂದು ಕಡೆಗೆ 1 ಮೀಟರ್. ಸೈಲೆನ್ಸರಿನ ಉದ್ದ ಮತ್ತು ಅದರ ಹೊಟ್ಟೆಯ ಆಕಾರ ಈ ಲೆಕ್ಕದಿಂದ ಬಂದದ್ದು. ಒಳಗಿನ ಕೋನ್ ಮತ್ತು ತಡೆಗಳನ್ನು ಕತ್ತರಿಸಿ ತೆಗೆಸಿದ ದಿನ ಆ ತಳ್ಳುವ ಅಲೆ ಹೋಯಿತು. ಹೊಸ ಮಿಶ್ರಣ ಉರಿಯದೆಯೇ ಹಿಂದಿನ ತುದಿಯಿಂದ ಹೊರಬೀಳುತ್ತದೆ.

ಪೋರ್ಟಿಂಗ್ ಎಂಬುದೂ ಇದೇ ಲೆಕ್ಕದ ಇನ್ನೊಂದು ಭಾಗ. ಎಕ್ಸಾಸ್ಟ್ ಪೋರ್ಟಿನ ಮೇಲಂಚನ್ನು ಒಂದು ಮಿಲಿಮೀಟರ್ ಎತ್ತರಿಸಿದರೂ ಪೋರ್ಟ್ ಬೇಗ ತೆರೆದು ತಡವಾಗಿ ಮುಚ್ಚುತ್ತದೆ. ಶಕ್ತಿಯ ತುದಿ ಮೇಲಿನ ಸುತ್ತುಗಳಿಗೆ ಸರಿಯುತ್ತದೆ, ಕೆಳಗಿನ ಸುತ್ತುಗಳ ಎಳೆತ ಹೋಗುತ್ತದೆ. ರೇಸಿನ ಟ್ರ್ಯಾಕಿನಲ್ಲಿ ಅದಕ್ಕೆ ತಕ್ಕ ಪೈಪ್, ಗೇರ್ ಮತ್ತು ಜೆಟ್ ಸೇರಿಸಿ ಮಾಡಿದರೆ ಅದು ದೊಡ್ಡ ವಿದ್ಯೆ, ಅದನ್ನು ನಾನು ಗೌರವಿಸುತ್ತೇನೆ. ಬಿ.ಎಚ್. ರಸ್ತೆಯ ದಟ್ಟಣೆಯಲ್ಲಿ ಕಾಲೇಜಿಗೆ ಹೋಗುವ ಗಾಡಿಗೆ ಅದು ಬೇಡ. ಇದರ ಜೊತೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ನಿಗದಿ ಮಾಡಿದ್ದನ್ನು ಹೀಗೆ ಬದಲಾಯಿಸುವಂತಿಲ್ಲ.

ನಿಮಗೆ ನಿಜವಾಗಿಯೂ ಪಿಕಪ್ ಬೇಕಿದ್ದರೆ ಈ ಗಾಡಿಗೆ ಅದರ ಹುಟ್ಟು ಶಕ್ತಿಯನ್ನು ಮರಳಿ ಕೊಡಿರಿ. ಆರ್‌ಎಕ್ಸ್ 100 ನಮ್ಮ ದೇಶದಲ್ಲಿ ತಯಾರಾದದ್ದು 1985ರಿಂದ 1996ರವರೆಗೆ. ಅಂದರೆ ಅತಿ ಹೊಸ ಗಾಡಿಗೂ ಈಗ ಮೂರು ದಶಕದ ವಯಸ್ಸು. ರೀಡ್ ವಾಲ್ವಿನ (ಮಿಶ್ರಣವನ್ನು ಒಳಕ್ಕೆ ಮಾತ್ರ ಬಿಡುವ ಕವಾಟದ) ಎಲೆಗಳನ್ನು ಬೆಳಕಿಗೆ ಹಿಡಿದು ನೋಡಿರಿ. ಎಲೆ ಮತ್ತು ಅದರ ಕೂರುವ ಜಾಗದ ನಡುವೆ ಬೆಳಕು ಕಂಡರೆ ಅಥವಾ ತುದಿ ಸೀಳಿದ್ದರೆ ಬದಲಾಯಿಸಿರಿ. ಕಾರ್ಬೊರೇಟರನ್ನು ಎಂಜಿನ್ನಿಗೆ ಸೇರಿಸುವ ರಬ್ಬರ್ ಜೋಡಣೆಯನ್ನು ಬಗ್ಗಿಸಿ ನೋಡಿದರೆ ಸಾಮಾನ್ಯವಾಗಿ ಸಣ್ಣ ಬಿರುಕುಗಳು ಕಾಣುತ್ತವೆ. ಎಕ್ಸಾಸ್ಟ್ ಪೋರ್ಟಿನ ಕರಿಯನ್ನು ಮರದ ಕಡ್ಡಿಯಿಂದ ಕೆರೆದು ತೆಗೆಯಿರಿ, ಕಬ್ಬಿಣದಿಂದ ಬೇಡ. ಏರ್ ಫಿಲ್ಟರನ್ನು ಕಿತ್ತುಹಾಕಿದ್ದರೆ ಮತ್ತೆ ಹಾಕಿರಿ. ಇಷ್ಟಾದ ಮೇಲೆ ಗಾಡಿ ಹೇಗಿದೆ ಎಂದು ಬರೆಯಿರಿ, ಅದನ್ನು ತಿಳಿಯಲು ನನಗೂ ಆಸೆಯಿದೆ.

ಪ್ರಶ್ನೆ: ಸಿಲಿಂಡರಿನಲ್ಲಿ ಗೆರೆಗಳಿವೆ. ಬೋರ್ 0.25 ಮಿ.ಮೀ. ಸಾಕೋ, 0.50 ಮಾಡಿಸಬೇಕೋ? ಈ ಹಿಂದೆ ಬೋರ್ ಮಾಡಿಸಿದಾಗ ಕೆಲವೇ ದಿನಗಳಲ್ಲಿ ರಿಂಗ್ ಮುರಿಯಿತು.
(ಕೆ.ಜಿ.ಎಫ್. ಓದುಗರು)

ಉತ್ತರ: ಗೆರೆ ಪೂರ್ತಿ ಹೋಗುವ ಅತಿ ಚಿಕ್ಕ ಅಳತೆಯೇ ಸರಿಯಾದ ಅಳತೆ. ಜಾವಾದ ಮೂಲ ಬೋರ್ 65 ಮಿ.ಮೀ., ಆರ್‌ಎಕ್ಸ್ 100ರದು 50 ಮಿ.ಮೀ. ಅಲ್ಲಿಂದ ಮುಂದೆ ಕಾಲು ಕಾಲು ಮಿಲಿಮೀಟರ್ ಹೆಚ್ಚುತ್ತಾ ಹೋಗುವ ಪಿಸ್ಟನ್ನುಗಳಿವೆ, ಒಂದೇ ಸಲಕ್ಕೆ ದೊಡ್ಡ ಅಳತೆಗೆ ಹೋದರೆ ಮುಂದಿನ ಅವಕಾಶಗಳು ಹೋಗುತ್ತವೆ. ಪಿಸ್ಟನ್ ಕೈಗೆ ಬರುವವರೆಗೆ ಬೋರ್ ಮಾಡಲು ಬಿಡಬೇಡಿರಿ. ಪೆಟ್ಟಿಗೆಯ ಮೇಲೆ 0.50 ಎಂದು ಬರೆದಿದ್ದರೂ ಪಿಸ್ಟನ್ನಿನ ಸ್ಕರ್ಟನ್ನು (ಕೆಳಭಾಗದ ಗೋಡೆಯನ್ನು) ಮೈಕ್ರೋಮೀಟರಿನಿಂದ ಅಳೆದು, ತಯಾರಕರು ಹೇಳಿದ ಸಡಿಲವನ್ನು (ಪಿಸ್ಟನ್ ಮತ್ತು ಸಿಲಿಂಡರಿನ ನಡುವೆ ಇರಬೇಕಾದ ಅಂತರವನ್ನು) ಸೇರಿಸಿಯೇ ಬೋರ್ ಆಗಬೇಕು.

ಹಿಂದೆ ರಿಂಗ್ ಮುರಿದ ಕಾರಣವನ್ನು ಪೋರ್ಟಿನ ಅಂಚಿನಲ್ಲಿ ಹುಡುಕಿರಿ. ಬೋರ್ ಮಾಡಿದ ಮೇಲೆ ಪೋರ್ಟುಗಳ ಅಂಚು ಬ್ಲೇಡಿನಷ್ಟು ಹರಿತವಾಗಿರುತ್ತದೆ. ಪಿಸ್ಟನ್ ಓಡಾಡುವಾಗ ರಿಂಗ್ ಸ್ವಲ್ಪ ಹೊರಕ್ಕೆ ಉಬ್ಬಿ ಪೋರ್ಟಿನೊಳಗೆ ಇಣುಕುತ್ತದೆ, ಹರಿತವಾದ ಅಂಚು ಅದನ್ನು ಹಿಡಿದು ಮುರಿಯುತ್ತದೆ. ಪ್ರತಿ ಪೋರ್ಟಿನ ಮೇಲಂಚು ಮತ್ತು ಕೆಳಂಚನ್ನು ಸಣ್ಣ ಕಲ್ಲಿನಿಂದ ಇಳಿಜಾರಾಗಿ ಉಜ್ಜಿ, ಬೆರಳು ಸವರಿದಾಗ ಎಲ್ಲಿಯೂ ತಡೆಯದಂತೆ ಮಾಡಬೇಕು. ಕಾರು ಮತ್ತು ಟ್ರ್ಯಾಕ್ಟರಿನ ಸಿಲಿಂಡರುಗಳನ್ನೇ ಬೋರ್ ಮಾಡುವವರಿಗೆ ಈ ಕೆಲಸ ಇರುವುದಿಲ್ಲವಾದ್ದರಿಂದ ಅವರು ಮರೆಯುತ್ತಾರೆ, ನೀವೇ ಹೇಳಿ ಮಾಡಿಸಿರಿ. ರಿಂಗನ್ನು ಸಿಲಿಂಡರಿನಲ್ಲಿ ಇಳಿಸಿ ಅದರ ಬಾಯಿಯ ಅಂತರ 0.2ರಿಂದ 0.4 ಮಿ.ಮೀ. ಒಳಗಿದೆಯೇ ನೋಡಿರಿ. ಪಿಸ್ಟನ್ನಿನ ಚಡಿಯಲ್ಲಿರುವ ಪಿನ್ನಿಗೆ ರಿಂಗಿನ ಬಾಯಿ ಸರಿಯಾಗಿ ಕೂತಿರಬೇಕು, ಪಿಸ್ಟನ್ ತಲೆಯ ಬಾಣದ ಗುರುತು ಎಕ್ಸಾಸ್ಟ್ ಕಡೆಗೆ ಇರಬೇಕು.

ಹಳೆಯ ಪಿಸ್ಟನ್ನನ್ನು ಎಸೆಯದೆ ಇಟ್ಟುಕೊಂಡು ನೋಡಿರಿ. ನಾಲ್ಕು ಮೂಲೆಗಳಲ್ಲಿ ಉಜ್ಜಿದ ಗುರುತಿದ್ದರೆ ಸಡಿಲ ಸಾಲದೆ, ಅಥವಾ ತಣ್ಣನೆಯ ಎಂಜಿನ್ನನ್ನು ಒಮ್ಮೆಗೇ ಜೋರಾಗಿ ಓಡಿಸಿ ಹಿಡಿದುಕೊಂಡಿದೆ. ಎಕ್ಸಾಸ್ಟ್ ಕಡೆ ಮಾತ್ರ ಕರಗಿ ಮೆತ್ತಿದಂತಿದ್ದರೆ ಮಿಶ್ರಣ ಬಡವಾಗಿದೆ ಅಥವಾ ಟೈಮಿಂಗ್ ಮುಂದಿದೆ. ಆ ಕಾರಣವನ್ನು ಸರಿಪಡಿಸದೆ ಹಾಕಿದ ಹೊಸ ಪಿಸ್ಟನ್ನಿಗೂ ಅದೇ ಗತಿ.

ಪ್ರಶ್ನೆ: 1972ರಲ್ಲಿ ನೋಂದಣಿಯಾದ ನಮ್ಮ ತಾತನವರ ಜಾವಾವನ್ನು ಪೂರ್ತಿ ಬಿಚ್ಚಿ ಮರುಜೋಡಣೆ ಮಾಡಿಸುತ್ತಿದ್ದೇನೆ. ವಿಂಟೇಜ್ ನೋಂದಣಿ ಸಿಗುತ್ತದೆಯೇ? ಹೊಸ ಜಾವಾದ ಭಾಗಗಳನ್ನು ಬಳಸಬಹುದೇ?
(ಬಂಗಾರಪೇಟೆಯ ಓದುಗರು)

ಉತ್ತರ: 2018ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದ ಜಾವಾ ಫೋರ್ ಸ್ಟ್ರೋಕ್ ಗಾಡಿ, ಅದರ ಎಂಜಿನ್ ಭಾಗಗಳು ಮೈಸೂರಿನ ಹಳೆಯ ಕಾರ್ಖಾನೆಯ ಗಾಡಿಗೆ ಹೊಂದುವುದಿಲ್ಲ. ನೋಂದಣಿಯ ಬಗ್ಗೆ: ಕೇಂದ್ರ ಸರ್ಕಾರ 2021ರಲ್ಲಿ ಮಾಡಿದ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲ ಸ್ವರೂಪದಲ್ಲೇ ಉಳಿಸಿಕೊಂಡಿರುವ ದ್ವಿಚಕ್ರ ವಾಹನಕ್ಕೆ ವಿಂಟೇಜ್ ನೋಂದಣಿಗೆ ಅವಕಾಶವಿದೆ, ಅದರ ಸಂಖ್ಯೆಯಲ್ಲಿ ವಿಎ ಎಂಬ ಅಕ್ಷರಗಳಿರುತ್ತವೆ. ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥವಕ್ಕೆ ಮಾತ್ರ ರಸ್ತೆಗೆ ತರಬಹುದು, ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನೀವು ವಾರಕ್ಕೊಮ್ಮೆಯಾದರೂ ಸಂತೆಗೋ ತೋಟಕ್ಕೋ ಓಡಿಸುವವರಾದರೆ ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳಿರಿ.

ಎರಡಕ್ಕೂ ಇನ್‌ಸ್ಪೆಕ್ಟರ್ ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳನ್ನು ಆರ್.ಸಿ. ಪುಸ್ತಕದೊಂದಿಗೆ ತಾಳೆ ನೋಡುತ್ತಾರೆ. ಫ್ರೇಮನ್ನು ಬಣ್ಣಕ್ಕೆ ಕೊಡುವ ಮುನ್ನ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದಿಟ್ಟುಕೊಳ್ಳಿರಿ. ಆ ಭಾಗಕ್ಕೆ ಗ್ರೈಂಡರ್ ತಾಗಿಸಬಾರದು, ಪುಟ್ಟಿ ಹಚ್ಚಬಾರದು ಎಂದು ಪೇಂಟರಿಗೆ ಎದುರಿಗೇ ನಿಂತು ತೋರಿಸಿ, ಅಲ್ಲಿಗೆ ಮಾಸ್ಕಿಂಗ್ ಟೇಪನ್ನು ನೀವೇ ಅಂಟಿಸಿ ಬನ್ನಿರಿ.